ಹಕ್ಕಿ ಹೋಗುವವರೆಗಿನ ವಾಯಿದೆ

ಬೆತ್ತದ ಕುರ್ಚಿ ಹೆಣೆಯುವ ಈ ಹೆಂಗಸನ್ನು ಊರಿನವರು ಬೆತ್ತದಕ್ಕ ಎನ್ನುತ್ತಾರೆ. ಮನೆಯ ಹಿಂದೆ, ಹೊಲಕ್ಕೆ ತಾಗಿದಂತೆ, ತಗಡಿನ ಶೆಡ್ಡೊಂದಿದೆ. ಅರ್ಧ ಇವರದು, ಅರ್ಧ ಇವರ ಮೈದುನನದು, ಅವನು ಬಡಗಿ. ಗಂಡ ತೀರಿಕೊಂಡ ವರ್ಷ ಬೆತ್ತದಕ್ಕ ಕೈ ಮುರಿದುಕೊಂಡು ತವರಿನಲ್ಲಿದ್ದರು. ಆಗ ಮೈದುನ ಬೆತ್ತದ ಕಟ್ಟುಗಳನ್ನೆಲ್ಲ ಮಳೆಗೆ ಎಸೆದು, ಅವರ ಅರ್ಧದಲ್ಲಿ ತನ್ನ ಮರ ಕೊಯ್ಯುವ ಮೆಷಿನ್ ಕೂರಿಸಿದ. ಬೆತ್ತವೆಲ್ಲ ಬೂಸಲು ಹಿಡಿದು ಕಪ್ಪಾಯಿತು.

ಅವರು ಮರಳಿ ಬಂದ ಮೇಲೆ ಊರ ಹಿರಿಯರು ಸೇರಿ ಮೈದುನನಿಗೆ ಜಾಗ ಬಿಡು ಎಂದರು. ಅವನು ತಲೆಯೆತ್ತಿ ತೊಲೆ ನೋಡಿದ. ಅಲ್ಲಿ ಕವಲುಬಾಲದ ಹಕ್ಕಿಗಳ ಮಣ್ಣಿನ ಗೂಡಿತ್ತು.

“ಪಾಪ, ಮರಿಗಳಿವೆ. ಮೆಷಿನ್ ಎತ್ತೋ ಗಲಾಟೆಗೆ ಸತ್ತುಹೋಗ್ತವೆ. ಹಕ್ಕಿ ಹೋದ ದಿನವೇ ಬಿಡ್ತೀನಿ.”

“ದಿನಾ ಮರ ಕೊಯ್ಯೋ ಸದ್ದಿಗೆ ಸಾಯದವು, ಎತ್ತೋ ಸದ್ದಿಗೆ ಸಾಯ್ತವಾ?” ಎಂದರು ಬೆತ್ತದಕ್ಕ. ಆದರೂ ಒಪ್ಪಿಕೊಂಡರು. ಅವನು ಕೊಟ್ಟ ಮಾತನ್ನು ಹಿರಿಯರು ಕೇಳಿಸಿಕೊಂಡಿದ್ದರು, ಅಷ್ಟು ಸಾಕಿತ್ತು.

ಅಲ್ಲಿಯವರೆಗೆ ಹಕ್ಕಿಗಳ ಗೊಡವೆಗೇ ಹೋದವರಲ್ಲ. ಈಗ ಹಿತ್ತಿಲ ಜಗಲಿಯಲ್ಲಿ ಹೆಣೆಯುತ್ತ ಕೂತರೆ ಬೆರಳು ಬೆತ್ತದ ಮೇಲೆ, ಕಣ್ಣು ಶೆಡ್ಡಿನ ತೊಲೆಯ ಮೇಲೆ. ಮರಿಗಳು ಹಾರಿದವು, ತಾಯಿ ಮತ್ತೆ ಮೊಟ್ಟೆಯಿಟ್ಟಿತು.

“ಅತ್ತಿಗೆ, ಇನ್ನೊಂದು ಬಾಣಂತನ!” ಎಂದು ಮೈದುನ ನಕ್ಕ. ಬೆತ್ತದಕ್ಕ ಮತ್ತೆ ಮೊದಲಿಂದ ದಿನ ಎಣಿಸತೊಡಗಿದರು.

ಮಳೆ ಹಿಂದೆಗೆದ ಮೇಲೆ ಹಕ್ಕಿಗಳೆಲ್ಲ ಸಂಜೆ ಕರೆಂಟು ತಂತಿಯ ಮೇಲೆ ಸಾಲಾಗಿ ಕೂರತೊಡಗಿದವು. ಒಂದು ಬೆಳಿಗ್ಗೆ ತಂತಿ ಬರಿದಾಗಿತ್ತು. ಆ ಸಂಜೆಯೂ ಬರಲಿಲ್ಲ, ಮರುದಿನವೂ ಇಲ್ಲ. ಬೆತ್ತದಕ್ಕ ಹೋಗಿ ಒಬ್ಬ ಹಿರಿಯರನ್ನು ಕರೆತಂದರು.

“ಅಗೋ, ಗೂಡಲ್ಲಿ ತಲೆ ಕಾಣ್ತಿದೆಯಲ್ಲ. ಮಾತು ಅಂದ್ರೆ ಮಾತು,” ಎಂದ ಮೈದುನ.

ಗೂಡಿನ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಒಂದು ಹಕ್ಕಿ ಕೂತಿತ್ತು ನಿಜ.

“ಅದು ಗುಬ್ಬಿ ಕಣೋ,” ಎಂದರು ಬೆತ್ತದಕ್ಕ. “ಗೂಡು ಕಟ್ಟಿದವರು ಆಚೆ ಹೋಗಿದ್ದೇ ತಡ, ನುಗ್ಗಿದೆ.”

“ನಿನ್ನ ನೆಂಟನೇ ಇರ್ಬೇಕಲ್ಲಯ್ಯಾ,” ಎಂದರು ಹಿರಿಯರು. “ನಡಿ, ಮೆಷಿನ್ ಎತ್ತು.”

ಎತ್ತಿದ. ಅವನ ಅರ್ಧದಲ್ಲಿ ಮೆಷಿನ್ ಕೂತ ಮೇಲೆ ಹಲಗೆಗೆ ಜಾಗ ಉಳಿಯಲಿಲ್ಲ.

“ಅತ್ತಿಗೆ, ಹಲಗೆ ಇಡೋಕೆ ಒಂದು ಮೂಲೆ ಕೊಡಿ.”

“ಹಕ್ಕಿ ವಾಪಸ್ ಬರ್ಲಿ, ನೋಡೋಣ.”

ಬೆತ್ತದಕ್ಕ ಇವತ್ತಿಗೂ ಕುರ್ಚಿ ಹೆಣೆಯುವುದು ಜಗಲಿಯಲ್ಲೇ. ಅಲ್ಲಿ ಬೆಳಕು ಚೆನ್ನಾಗಿದೆ. ಶೆಡ್ಡಿನ ಅವರ ಅರ್ಧದಲ್ಲಿ ಒಂದು ಕಡ್ಡಿಯೂ ಇಲ್ಲ. ದಿನಾ ಗುಡಿಸಿ ಬೀಗ ಹಾಕುತ್ತಾರೆ. ನಡುವೆ ಹಾಕಿಸಿರುವುದು ಗೋಡೆಯಲ್ಲ, ತಂತಿ ಜಾಲರಿ. ಯಾಕೆಂದು ನಾನೊಮ್ಮೆ ಕೇಳಿದೆ.

“ಗೋಡೆ ಕಟ್ಟಿದ್ರೆ ಖಾಲಿ ಇರೋದು ಅವನಿಗೆ ಕಾಣಲ್ವಲ್ಲ,” ಎಂದರು.