ಮೊದಲು ಪ್ರೈಮರ್

ನಮ್ಮ ಬೀದಿಯ ಪೇಂಟರಣ್ಣ ಗೋಡೆ ಉಜ್ಜಿ, ಪ್ರೈಮರ್ ಹಚ್ಚಿ, ಅದು ಒಣಗುವ ತನಕ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವವನಲ್ಲ. ಅವಸರ ಮಾಡಿದವರ ಕೈಗೆ ಬ್ರಷ್ ಕೊಟ್ಟು, "ನೀವೇ ಬಳ್ಕೊಳ್ಳಿ" ಎಂದು ಹೊರಟುಬಿಡುತ್ತಾನೆ.

ಮಗು ಬೇಕೆಂದು ಅವನೂ ಹೆಂಡತಿಯೂ ಸಲಹೆ ಕೇಳಲು ಹೋದಾಗ ಡಾಕ್ಟರಮ್ಮ ಅವಳಿಗೆ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟು, ಇವನಿಗೆ ಇವತ್ತೇ ಸಿಗರೇಟು ಬಿಟ್ಟು ಮೂರು ತಿಂಗಳು ಕಾಯಿರಿ ಎಂದರು.

"ಹೆರೋಳು ನೀನು. ನಾನ್ಯಾಕೆ ಬಿಡ್ಬೇಕು?" ಎಂದು ಅವನು ಆಸ್ಪತ್ರೆಯ ಮೆಟ್ಟಿಲಲ್ಲೇ ಸಿಡುಕಿದ.

"ಒಂದು ಗೋಡೆ ಉಜ್ಜಿ ಇನ್ನೊಂದನ್ನ ಹಾಗೇ ಬಿಡ್ತೀರೇನ್ರೀ?" ಎಂದಳು ಹೆಂಡತಿ.

ಅವನು ಜೇಬಿನಿಂದ ಸಿಗರೇಟು ಪ್ಯಾಕೆಟ್ಟನ್ನು ತೆಗೆದು ಕಸದಬುಟ್ಟಿಗೆ ಹಾಕಿದ.

ಎರಡು ತಿಂಗಳಾಯಿತು. ಮೊನ್ನೆ ಒಬ್ಬರ ಮನೆಯಲ್ಲಿ ಪ್ರೈಮರ್ ಹಚ್ಚುತ್ತಿದ್ದವನನ್ನು ಮನೆಯೊಡತಿ, "ಇನ್ನೆಷ್ಟು ದಿನಾನಪ್ಪಾ?" ಎಂದು ಕೇಳಿದರು.

"ಇನ್ನೊಂದೇ ತಿಂಗಳು ಅಮ್ಮಾ," ಎಂದ, ಎದೆಯುಬ್ಬಿಸಿ.

ಅವರ ಮನೆಯಲ್ಲಿ ಬಣ್ಣಕ್ಕೆ ಉಳಿದಿದ್ದುದು ಒಂದು ಬಾಗಿಲು ಮಾತ್ರ.