ಬಣ್ಣ ಬಯಲು ಮಾಡಿದ ಮೇಡಂ

ನಮ್ಮ ಮೇಡಂ ಬೆರಳುಗಳಿಗೆ ಸದಾ ಬಣ್ಣ ಹಿಡಿದಿರುತ್ತಿತ್ತು. ಒಂದು ದಿನ ನೀಲಿ, ಇನ್ನೊಂದು ದಿನ ಕಡುಗೆಂಪು. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿದೇ ಇರುತ್ತಿತ್ತು.

ವಿಜಯನಗರದ ಕಾಲೇಜೊಂದರಲ್ಲಿ ಅವರು ಜೀವರಸಾಯನಶಾಸ್ತ್ರ ಕಲಿಸುತ್ತಿದ್ದರು; ನಾನು ಅವರ ಸಂಶೋಧನಾ ವಿದ್ಯಾರ್ಥಿನಿ. ಅವರ ತಂದೆ ನಾಯಂಡಹಳ್ಳಿಯಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಪಕ್ಕದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂತು, ಬಾವಿ ನೀರು ಕೆಂಪಾಯಿತು, ಸೊಪ್ಪು ಸುಟ್ಟುಹೋಯಿತು. ಕೇಳಲು ಹೋದ ತಂದೆಗೆ ಮಾಲೀಕ ನಗುತ್ತಾ, "ಕೆಂಪು ದಂಟು ಅಂತ ಮಾರ್ಕೊಳ್ಳಿ ಯಜಮಾನ್ರೇ" ಅಂದನಂತೆ. ಈ ಮಾತನ್ನು ಮೇಡಂ ನನಗೆ ಹತ್ತಾರು ಸಲ ಹೇಳಿದ್ದರು, ಪ್ರತಿ ಸಲವೂ ಆಗಷ್ಟೇ ಕೇಳಿಸಿಕೊಂಡವರಂತೆ ಹಲ್ಲು ಕಚ್ಚಿ. "ನಾನು ಓದಿದ್ದು ವಿದ್ಯೆಗಲ್ಲ ಕಣೇ, ಸೇಡಿಗೆ."

ದೂರು ಬಂದಾಗಲೆಲ್ಲ ಮಾಲೀಕನದು ಒಂದೇ ಉತ್ತರ: ಈ ಬಣ್ಣ ತೆಗೆಯಲು ಅಗ್ಗದ ದಾರಿಯೇ ಇಲ್ಲ. ಆ ನೆಪವನ್ನೇ ಕೊಲ್ಲಲು ಮೇಡಂ ವರ್ಷಗಟ್ಟಲೆ ಕೂತರು. ಅಣಬೆಯಲ್ಲಿ ಬಣ್ಣವನ್ನು ಒಡೆಯುವ ಕಿಣ್ವವೊಂದಿದೆ. ಹಾಗೇ ಸುರಿದರೆ ನೀರಿನ ಜೊತೆ ಕೊಚ್ಚಿಹೋಗುತ್ತದೆ. ಅದನ್ನು ಸಬ್ಬಕ್ಕಿಯಂಥ ಮಣಿಗಳೊಳಗೆ ಕಟ್ಟಿಹಾಕಿ, ಗಾಜಿನ ಕೊಳವೆಗೆ ತುಂಬಿದರು. ಅವೇ ಮಣಿಗಳು ಮತ್ತೆ ಮತ್ತೆ ದುಡಿದವು. ಮೊದಲ ಸಲ ನೀರು ತಿಳಿಯಾಗಿ ಇಳಿದಾಗ ನಾನು ಕುಣಿದೆ. ಮೇಡಂ ಗದರಿದರು: "ಬಣ್ಣ ಹೋದ್ರೆ ವಿಷ ಹೋಯ್ತಾ? ಬೀಜ ಹಾಕು. ಮೊಳಕೆ ಬಂದ್ಮೇಲೆ ಕುಣಿ." ಮೊಳಕೆಯೊಡೆಸುವಂಥ ನೀರು ಸಿಗಲು ಇನ್ನೂ ಎರಡು ವರ್ಷ ಹಿಡಿಯಿತು.

ಅಧಿಕಾರಿಗಳ ಎದುರು ದೂರಿನ ವಿಚಾರಣೆಯ ದಿನ ಮಾಲೀಕ ಹಳೆಯ ಪಾಠವನ್ನೇ ಒಪ್ಪಿಸಿದ. ಮೇಡಂ ಕೊಳವೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಅವನದೇ ಚರಂಡಿಯಿಂದ ತಂದ ನೀರು ಸುರಿದರು. ಕೆಳಗಿಟ್ಟ ಲೋಟಕ್ಕೆ ತಿಳಿನೀರು ತೊಟ್ಟಿಕ್ಕತೊಡಗಿತು. ಲೋಟ ತುಂಬಿತು.

"ಆಗಲ್ಲ ಅಂದ್ರಲ್ಲ ಸಾರ್. ಆಯ್ತು, ನೋಡಿ."

ನೀರು ಶುದ್ಧ ಮಾಡುವವರೆಗೆ ತೆರೆಯಬಾರದೆಂದು ಕಾರ್ಖಾನೆಗೆ ಬೀಗ ಬಿತ್ತು. ವಾರದೊಳಗೆ ಅವನು ನಮ್ಮ ಲ್ಯಾಬಿಗೇ ಬಂದು, ಆ ಕೊಳವೆ ತನಗೂ ಹಾಕಿಕೊಡಿ ಎಂದು ಕೈಮುಗಿದ.

"ಬೇರೆ ಯಾರು ಕೇಳಿದ್ರೂ ಪುಕ್ಕಟೆ ಹಾಕ್ಕೊಡ್ತೀನಿ. ನಿಮಗೆ ಮಾತ್ರ ಇಲ್ಲ."

ಅವನು ಹೋದ ಮೇಲೆ, "ಇದು ತಪ್ಪಲ್ವಾ ಮೇಡಂ?" ಎಂದೆ.

"ತಪ್ಪೇ. ಈ ಒಂದು ತಪ್ಪು ನನಗಿರ್ಲಿ ಬಿಡು."

ಹೋದ ವರ್ಷ ಮೇಡಂ ತೀರಿಕೊಂಡರು. ಆರ್‌ಪಿಸಿ ಲೇಔಟ್‌ನ ಅವರ ಮನೆ ಮುಂದೆ ಆ ಮಾಲೀಕ ದೊಡ್ಡ ಹಾರ ಹಿಡಿದು ಕಾರಿನಿಂದ ಇಳಿದ. ನಾನು ಗೇಟಿಗೆ ಅಡ್ಡ ನಿಂತೆ.

"ಎಲ್ಲ ಮುಗೀತಲ್ಲಮ್ಮ, ಇನ್ಯಾಕೆ?" ಎಂದ.

"ಅವರು ಕ್ಷಮಿಸಿರ್ಲಿಲ್ಲ ಸಾರ್. ಅವರ ಪರವಾಗಿ ಕ್ಷಮಿಸೋಕೆ ನಾನ್ಯಾರು?"

ಅವನು ತಿರುಗಿ ಹೋಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಅವರ ಕಾಲು ಮುಟ್ಟಿದೆ.