ಅಕ್ಕನ ಕುತ್ತಿಗೆಯ ಅಳತೆ

ಹಾರದ ಎರಡು ತುದಿಗಳು ಈ ಸಲವೂ ಸೇರಲಿಲ್ಲ. ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ನಡುವೆ ಆರು ಮಿಲಿಮೀಟರ್ ಅಂತರ. ಬೀದಿಬದಿಯ ಸರಕಾಗಿದ್ದರೆ ಒಂದು ತುಂಡು ಸರಪಳಿ ಸಿಕ್ಕಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದು ಅಂಗಿಯ ಗುಂಡಿಯನ್ನೂ ಮಖಮಲ್ಲಿನ ಮೇಲಿಟ್ಟು ತೋರಿಸುವ ಫ್ಯಾಷನ್ ಸಂಸ್ಥೆ, ಅವಳು ಅಲ್ಲಿನ ಆಭರಣ ವಿನ್ಯಾಸಕಿ. ಪ್ರದರ್ಶನಕ್ಕೆ ಇನ್ನು ಒಂಬತ್ತೇ ದಿನ. ಅವಳಿಗೆ ಪಿತ್ತ ನೆತ್ತಿಗೇರಿತು.

"ಮೇಸ್ತ್ರಿಯನ್ನ ಕರೀರಿ," ಎಂದಳು.

ಹಾರವನ್ನು ಹಾಕಿ ನೋಡುತ್ತಿದ್ದುದು ಅವಳ ಅಕ್ಕನ ಕುತ್ತಿಗೆಗೆ. ಅಕ್ಕ ಕನ್ನಡಿಯ ಮುಂದೆ ಗದ್ದ ಎತ್ತಿ, ಕೂದಲನ್ನು ಮೇಲಕ್ಕೆ ಹಿಡಿದು, ಮಿಸುಕಾಡದೆ ಕೂತಿದ್ದಳು. ಅದೊಂದು ವಿದ್ಯೆಯಲ್ಲಿ ಅಕ್ಕನನ್ನು ಮೀರಿಸುವವರಿಲ್ಲ. ತಂಗಿಗೆ ಒಂಬತ್ತು ವರ್ಷವಾಗಿದ್ದಾಗ ಕೆಟ್ಟುಹೋದ ಫ್ಯಾನಿನ ತಾಮ್ರದ ತಂತಿ ಬಿಚ್ಚಿ ತನ್ನ ಮೊದಲ ಹಾರ ಹೆಣೆದದ್ದು ಇದೇ ಕುತ್ತಿಗೆಗೆ. "ಅಲ್ಲಾಡ್ಬೇಡ" ಎಂದು ಆಜ್ಞೆ ಕೊಟ್ಟಿದ್ದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅಕ್ಕ ಅಲ್ಲಾಡಲಿಲ್ಲ. ಅಮ್ಮನ ಕೈಲಿ ಬೈಸಿಕೊಂಡವಳೂ ಅವಳೇ.

ಮುಂದೆ ತಂಗಿ ಕಲಾಶಾಲೆ ಮುಗಿಸಿ ಈ ಸಂಸ್ಥೆ ಸೇರಿದಳು. ಮೂರು ವರ್ಷ ಮಣಿಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುವುದೇ ಕೆಲಸ; ಕನಸಿನಲ್ಲೂ ಮಣಿ ಆರಿಸುತ್ತಿದ್ದಳಂತೆ. ಒಂದು ದಿನ ಅವಳು ರಟ್ಟಿನಲ್ಲಿ ಕತ್ತರಿಸಿಟ್ಟಿದ್ದ ಪಟ್ಟಿಹಾರ ಮೇಲಿನವರ ಕಣ್ಣಿಗೆ ಬಿತ್ತು. ಸರಪಳಿಯಿಲ್ಲದೆ ಬಳೆಯ ಹಾಗೆ ಗಟ್ಟಿಯಾಗಿ, ಹಾಕಿಕೊಂಡವರು ಎತ್ತ ತಿರುಗಿದರೂ ಕದಲದೆ ಕೂರುವ ಹಾರ. ಅಲ್ಲಿಂದ ಅವಳ ನಸೀಬು ತೆರೆಯಿತು. ಅಳತೆಗೆಂದು ಆಗಲೇ ಅಕ್ಕನ ಕುತ್ತಿಗೆಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ಸಿದಳು. ಕಾರ್ಯಾಗಾರದವರು ಆ ಪ್ಲಾಸ್ಟರ್ ಕುತ್ತಿಗೆಗೆ 'ಮಹಾರಾಣಿ' ಎಂದೂ, ಬೆನ್ನ ಹಿಂದೆ ಇವಳಿಗೆ 'ಕೂದಲೆಳೆ' ಎಂದೂ ಹೆಸರಿಟ್ಟರು. ಕೂದಲೆಳೆಯಷ್ಟು ತಪ್ಪನ್ನೂ ಬಿಡದ ಹೆಂಗಸು ಎಂದು ಅದರ ಅರ್ಥ. ಅದು ಕಿವಿಗೆ ಬಿದ್ದಾಗ ಅವಳು ಒಳಗೊಳಗೇ ಹಿಗ್ಗಿದ್ದಳು.

ಮಹಾರಾಣಿ ಉಗುಳು ನುಂಗುವುದಿಲ್ಲ, ನಗುವುದಿಲ್ಲ. ಹಾಗಾಗಿ ಆರು ತಿಂಗಳಿಗೊಮ್ಮೆ, ಪ್ರದರ್ಶನಕ್ಕೆ ಮುಂಚೆ, ಅಕ್ಕ ತಾನು ಕೆಲಸ ಮಾಡುವ ಶಾಲೆಯ ಗ್ರಂಥಾಲಯಕ್ಕೆ ರಜೆ ಹಾಕಿ ಬರಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ.

ಮೇಸ್ತ್ರಿ ಬಂದರು. ಚಿನ್ನದ ಕೆಲಸದಲ್ಲಿ ತಲೆ ಬೆಳ್ಳಗಾದವರು. ಹಿಂದಿನ ಮೂರು ಸಲವೂ ಇದೇ ವಿಷಯಕ್ಕೆ ಇವಳಿಂದ ಮಂಗಳಾರತಿ ಮಾಡಿಸಿಕೊಂಡಿದ್ದರು. ಈ ಸಲ ಎದುರಾಡಲಿಲ್ಲ. ಹಾರ ತೆಗೆದುಕೊಂಡು ಹೋಗಿ ಮಹಾರಾಣಿಗೆ ತೊಡಿಸಿದರು. ಟಿಕ್ ಎಂದು ಕೊಂಡಿ ಕೂತಿತು.

"ಹಾರ ಸರಿ ಇದೆ ಮೇಡಂ," ಎಂದರು ಮೆಲ್ಲಗೆ. "ನಿಮ್ಮ ಅಕ್ಕನ್ನ ಒಂದ್ಸಲ ನೋಡಿ."

ನೋಡಿದಳು. ಗಂಟಲ ಎಡಕ್ಕೆ ನೆಲ್ಲಿಕಾಯಿ ಗಾತ್ರದ ಗಂಟು. ಅಕ್ಕ ಉಗುಳು ನುಂಗಿದಾಗ ಅದೂ ಮೇಲೆ ಸರಿದು ಕೆಳಗಿಳಿಯಿತು. ದಾರಿಹೋಕನಿಗೂ ಕಾಣುವಂಥದ್ದು. ಹರಳಿನೊಳಗಿನ ಬಿರುಕು ಹುಡುಕುವ ಕಣ್ಣು ಇಷ್ಟು ದಿನ ಈ ಕುತ್ತಿಗೆಯ ಮೇಲೆ ಚಿನ್ನವನ್ನಷ್ಟೇ ನೋಡಿತ್ತು. ಅವಳು ಅಕ್ಕನ ಎದುರು ನೆಲದ ಮೇಲೆ ಕೂತಳು.

"ಯಾಕೆ ಹೇಳ್ಲಿಲ್ಲ?"

"ಪ್ರದರ್ಶನ ಮುಗೀಲಿ ಅಂತಿದ್ದೆ ಕಣೇ. ಹಾರ ಬಿಗಿ ಅಂದ್ರೆ ನಿನ್ನ ಕೆಲ್ಸ ಕೆಡುತ್ತಲ್ಲ. ಉಸಿರು ಹಿಡ್ಕೊಂಡ್ರೆ ಆಗುತ್ತೇನೋ ಅಂತ ನೋಡ್ದೆ."

ಈಚೆಗೆ ಅಕ್ಕ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡೇ ಇರುತ್ತಿದ್ದಳು. ಆ ಬಣ್ಣ ಒಪ್ಪುತ್ತೆ, ದಿನಾ ಹಾಕ್ಕೋ ಎಂದು ಇವಳೇ ಹೇಳಿದ್ದಳು. ಅದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಂದೇ ಮಧ್ಯಾಹ್ನ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿ, ಆಪರೇಷನ್ ಅಂತೂ ಬೇಕು ಎಂದರು. "ಎಷ್ಟು ತೆಗೀಬೇಕು ಅನ್ನೋದು ಪರೀಕ್ಷೆ ಮಾಡಿದ್ಮೇಲೆ ಗೊತ್ತಾಗುತ್ತೆ. ಎಷ್ಟು ಬೇಗ ಬೆಳೆದಿದೆ ಅಂತ ತಿಳಿದ್ರೆ ಒಳ್ಳೇದು. ಯಾವಾಗ ಶುರುವಾಯ್ತು?"

"ಒಂದು ತಿಂಗಳಾಗಿರಬಹುದು," ಎಂದಳು ಅಕ್ಕ.

ತಂಗಿ ಬ್ಯಾಗಿನಿಂದ ಅಳತೆಪುಸ್ತಕ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಹದಿನೆಂಟು ತಿಂಗಳ ಹಿಂದೆ ಹಾರದ ತುದಿಗಳ ಅಂತರ ಅರ್ಧ ಮಿಲಿಮೀಟರ್. ಆಮೇಲೆ ಒಂದೂವರೆ. ಆಮೇಲೆ ಮೂರು. ಇವತ್ತು ಆರು. ಎಲ್ಲ ಅವಳದೇ ಮುದ್ದಾದ ಕೈಬರಹ. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಷರಾ: 'ಮೇಸ್ತ್ರಿಯ ತಪ್ಪು.'

ಡಾಕ್ಟರಮ್ಮ ಆ ಪುಟವನ್ನು ಎರಡು ಸಲ ಓದಿದರು. ಅಕ್ಕನೂ ಬಗ್ಗಿ ನೋಡಿದಳು.

"ಪಾಪ, ಆ ಮನುಷ್ಯನ್ನ ಎಷ್ಟು ಬೈದಿದ್ದೀಯ," ಎಂದಳು.

ಡಾಕ್ಟರಮ್ಮ ಟೇಪನ್ನು ತಂಗಿಯತ್ತ ಸರಿಸಿದರು. "ಗಂಟಿನ ಮೇಲೆ ಇವತ್ತು ಸುತ್ತಳತೆ ಎಷ್ಟಿದೆ, ನೀವೇ ತೆಗೀರಿ. ಈ ಕುತ್ತಿಗೆ ನಿಮಗೆ ಗೊತ್ತಿರೋಷ್ಟು ನನಗೆ ಗೊತ್ತಿಲ್ಲ."

ಟೇಪು ಹಿಡಿದಳು. ಒಂದು ತುದಿ ಜಾರಿತು, ಹಿಡಿದಳು, ಮತ್ತೆ ಜಾರಿತು. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಗದ್ದ ಎತ್ತಿ, ಕೂದಲನ್ನು ಮೇಲಕ್ಕೆ ಹಿಡಿದುಕೊಂಡಳು.

"ಹೂಂ, ತಗೋ," ಎಂದಳು. "ನಾನು ಅಲ್ಲಾಡಲ್ಲ."